ಡಾಕರ್ ಕಂಟೇನರ್ ಅಳಿಸೋ ಮುಂಚೆ ಇಷ್ಟು ತಿಳ್ಕೊಳ್ಳಿ

ಶಿಡ್ಲಘಟ್ಟದ ಕಡೆಯವರಿಗೆ ಚಂದ್ರಿಕೆ ಗೊತ್ತೇ ಇರುತ್ತೆ, ರೇಷ್ಮೆಹುಳ ಗೂಡು ಕಟ್ಟೋ ಬಿದಿರಿನ ತಟ್ಟೆ. ಗೂಡು ಬಿಡಿಸದೆ ಚಂದ್ರಿಕೆಯನ್ನ ಬೆಂಕಿಗೆ ಹಾಕಿದರೆ ಬೆಳೆಯೇ ಹೋಯ್ತು. 2013ರಲ್ಲಿ ಬಂದ ಡಾಕರ್‌ನಲ್ಲಿ ಹೊಸಬರು ಮಾಡೋ ತಪ್ಪೂ ಇಂಥದ್ದೇ.

ಮೊದಲು ‘ಡಾಕರ್ ಪಿಎಸ್’. ಇದು ಈಗ ಓಡುತ್ತಿರುವ ಕಂಟೇನರ್‌ಗಳನ್ನಷ್ಟೇ ತೋರಿಸುತ್ತೆ. ನಿಂತುಹೋದವೂ ಕಾಣಬೇಕಾದರೆ ಕೊನೆಗೆ ‘ಹೈಫನ್ ಎ’ ಸೇರಿಸಿ. ಯಾಕೆ ನಿಂತಿತು ಅಂತ ನೋಡೋಕೆ ‘ಡಾಕರ್ ಲಾಗ್ಸ್’, ಜೊತೆಗೆ ಕಂಟೇನರ್ ಹೆಸರು. ‘ಡಾಕರ್ ಸ್ಟಾಪ್’ ಕೊಟ್ಟರೆ ನಿಲ್ಲು ಅಂತ ಸೂಚನೆ ಹೋಗುತ್ತೆ. ಸಾಮಾನ್ಯವಾಗಿ 10 ಸೆಕೆಂಡ್ ಕಾದು, ಆಗಲೂ ನಿಲ್ಲದಿದ್ದರೆ ಬಲವಂತವಾಗಿ ನಿಲ್ಲಿಸುತ್ತೆ. ‘ಡಾಕರ್ ಸ್ಟಾರ್ಟ್’ ಕೊಟ್ಟರೆ ಅದೇ ಕಂಟೇನರ್ ತನ್ನ ಫೈಲ್‌ಗಳ ಸಮೇತ ಮತ್ತೆ ಏಳುತ್ತೆ.

ಅಪಾಯ ಇರೋದು ‘ಡಾಕರ್ ಆರ್‌ಎಂ’ನಲ್ಲಿ. ಅದು ಕಂಟೇನರ್ ಜೊತೆ ಅದರೊಳಗೆ ಬರೆದಿದ್ದನ್ನೂ ಅಳಿಸಿಬಿಡುತ್ತೆ. ಇಮೇಜ್ ಉಳಿದಿರುತ್ತೆ ನಿಜ. ಅದರಿಂದ ಹೊಸ ಕಂಟೇನರ್ ಬರುತ್ತೆ, ಹಳೇ ಡೇಟಾ ಬರಲ್ಲ.

ಅದಕ್ಕೇ ‘ಡಾಕರ್ ರನ್’ ಕೊಡುವಾಗಲೇ ‘ಹೈಫನ್ ವಿ’ ಹಾಕಿ, ಡೇಟಾ ಇರೋ ಫೋಲ್ಡರನ್ನ ಹೆಸರಿಟ್ಟ ವಾಲ್ಯೂಮ್‌ಗೆ ಜೋಡಿಸಿ. ಆಗ ಕಂಟೇನರ್ ಅಳಿಸಿದರೂ ಡೇಟಾ ಉಳಿಯುತ್ತೆ. ಗೂಡು ಬಿಡಿಸಿಟ್ಟ ಮೇಲೆ ಚಂದ್ರಿಕೆ ಯಾವಾಗ ಬೇಕಾದರೂ ಬದಲಿಸಬಹುದು.