ವೈಮಾರ್ ಪಟ್ಟಣದ ಈರುಳ್ಳಿ ಸಂತೆ

ಈರುಳ್ಳಿಯನ್ನು ಬೆಳೆಯತಕ್ಕವರಿಗೆ ಒಂದು ಸಂಕಟವು ಚೆನ್ನಾಗಿ ತಿಳಿದೇ ಇರುತ್ತದೆ. ಗಡ್ಡೆಯು ಬಲಿತ ಕೂಡಲೆ ಸುತ್ತಲಿನ ಹತ್ತು ಗ್ರಾಮಗಳ ಮಾಲೂ ಒಂದೇ ವಾರದಲ್ಲಿ ಪೇಟೆಗೆ ಬಂದು ಬೀಳುವುದು, ಧಾರಣೆಯು ಇಳಿದುಹೋಗುವುದು. ಮಾರದೆ ಇಟ್ಟುಕೊಳ್ಳೋಣವೆಂದರೆ ಕೊಳೆತುಹೋಗುವ ಭಯ, ಮಾರಿಬಿಡೋಣವೆಂದರೆ ಗಾಡಿಯ ಬಾಡಿಗೆಯೂ ಹುಟ್ಟದೆಂಬ ವ್ಯಥೆ. ಈ ತೊಡಕನ್ನು ಜರ್ಮನಿ ದೇಶದ ಒಂದು ಸೀಮೆಯ ರೈತರು ಯಾವ ರೀತಿಯಲ್ಲಿ ನಿಭಾಯಿಸಿದರೆಂಬುದೂ, ಅದರಿಂದ ಒಂದು ಹಳೆಯ ರಾಜಧಾನಿಯಲ್ಲಿ ಎಂತಹ ಉತ್ಸವವು ಬೆಳೆದುಬಂದಿತೆಂಬುದೂ ನಮ್ಮ ಗ್ರಾಮದ ಮುಖಂಡರೂ ಭೂಮಾಲೀಕರೂ ತಿಳಿಯತಕ್ಕ ವಿಷಯವಾಗಿರುವುದರಿಂದ ಅದನ್ನು ಇಲ್ಲಿ ವಿವರಿಸುತ್ತೇವೆ.

ವೈಮಾರ್ ಎಂಬುದು ಮಧ್ಯ ಜರ್ಮನಿಯ ಟ್ಯೂರಿಂಗಿಯಾ ಪ್ರಾಂತದಲ್ಲಿ ಇಲ್ಮ್ ನದಿಯ ದಡದಲ್ಲಿರುವ ಪಟ್ಟಣ. ನಿವಾಸಿಗಳು ಸುಮಾರು 65,000. ಹಿಂದೆ ಇದು ಒಂದು ಸಣ್ಣ ಸಂಸ್ಥಾನದ ದೊರೆಗಳ ರಾಜಧಾನಿಯಾಗಿದ್ದಿತು. ಕವಿ ಗಯಟೆಯು 1775ರಲ್ಲಿ ಇಲ್ಲಿಗೆ ಬಂದು 1832ರಲ್ಲಿ ಸಾಯುವವರೆಗೂ ಇದನ್ನೇ ತನ್ನ ಊರನ್ನಾಗಿ ಮಾಡಿಕೊಂಡಿದ್ದನು. 1919ರಲ್ಲಿ ಜರ್ಮನ್ ಗಣರಾಜ್ಯದ ಸಂವಿಧಾನವು ರಚಿತವಾದದ್ದೂ ಇಲ್ಲಿಯೇ. ಆದರೆ ಈ ಕೀರ್ತಿಗಳಾವುವೂ ಹುಟ್ಟುವುದಕ್ಕೆ ಬಹು ಮೊದಲೇ ಈ ಊರಿನಲ್ಲಿ ಈರುಳ್ಳಿಯ ಸಂತೆಯು ಕೂಡುತ್ತಿದ್ದಿತೆಂಬುದನ್ನು ಬೇಸಾಯದ ಮೇಲೆ ಅಭಿಮಾನವುಳ್ಳವರು ಮರೆಯಲಾಗದು.

ಈ ಸಂತೆಯ ಪ್ರಸ್ತಾಪವು ಮೊದಲು ದೊರೆಯುವುದು 1653ನೆಯ ಇಸವಿಯಲ್ಲಿ. ಆಗ ಅದಕ್ಕೆ ‘ದನಗಳ ಮತ್ತು ಈರುಳ್ಳಿಯ ಸಂತೆ’ ಎಂಬ ಅರ್ಥದ ಹೆಸರಿದ್ದಿತು. ಈ ಕಾಲವನ್ನು ಸ್ವಲ್ಪ ನೆನೆಯಬೇಕು. ಮೂವತ್ತು ವರ್ಷಗಳ ಯುದ್ಧವೆಂದು ಪ್ರಸಿದ್ಧವಾದ ಘೋರ ಕಾಳಗವು ಮುಗಿದು ಆಗ್ಗೆ ಐದು ವರ್ಷಗಳು ಮಾತ್ರ ಕಳೆದಿದ್ದುವು. ದಂಡುಗಳು ತುಳಿದ ಹಳ್ಳಿಗಳು ಪಾಳುಬಿದ್ದಿದ್ದುವು. ಎತ್ತುಗಳೂ ಬೀಜವೂ ದುರ್ಲಭವಾಗಿದ್ದುವು. ಅಂತಹ ಸಮಯದಲ್ಲಿ ದನಗಳನ್ನೂ ತರಕಾರಿಯನ್ನೂ ಕೊಂಡು ಮಾರಲು ಒಂದು ಗೊತ್ತಾದ ದಿನವೂ ಗೊತ್ತಾದ ಸ್ಥಳವೂ ಇರುವುದೆಂದರೆ ರೈತನಿಗೆ ಅದೇ ದೊಡ್ಡ ಉಪಕಾರ. ಕಾಲಕ್ರಮದಲ್ಲಿ ದನಗಳ ವ್ಯಾಪಾರವು ನಿಂತುಹೋಯಿತು, ಈರುಳ್ಳಿ ಉಳಿಯಿತು.

ಈರುಳ್ಳಿಯನ್ನು ತರುತ್ತಿದ್ದವರು ಮುಖ್ಯವಾಗಿ ಹೆಲ್ಡ್ರುಂಗೆನ್ ಎಂಬ ಊರಿನವರು. ಇದು ವೈಮಾರಿಗೆ ಉತ್ತರದಲ್ಲಿ ಸುಮಾರು 20ರಿಂದ 25 ಮೈಲಿಗಳ ದೂರದಲ್ಲಿ ಉನ್‌ಸ್ಟ್ರುಟ್ ನದಿಯ ತಗ್ಗು ಪ್ರದೇಶದಲ್ಲಿರುತ್ತದೆ. (1525ರ ರೈತರ ದಂಗೆಯಲ್ಲಿ ಅವರ ನಾಯಕನಾಗಿದ್ದ ತೋಮಾಸ್ ಮ್ಯುಂಟ್ಸರನನ್ನು ಶಿರಚ್ಛೇದಕ್ಕೆ ಮುಂಚೆ ಸೆರೆಯಲ್ಲಿಟ್ಟದ್ದು ಈ ಊರಿನ ಕೋಟೆಯಲ್ಲಿಯೇ.) ಇಲ್ಲಿಯ ನೆಲವು ಕಪ್ಪಾಗಿ ಸಾರವತ್ತಾಗಿದೆ. ವಾಯವ್ಯದ ಹಾರ್ಟ್ಸ್ ಬೆಟ್ಟಗಳು ಮಳೆಯ ಮೋಡಗಳನ್ನು ತಡೆಯುವುದರಿಂದ ವರ್ಷಕ್ಕೆ 20 ಇಂಚುಗಳಷ್ಟು ಮಾತ್ರವೇ ಮಳೆಯಾಗುವುದು. ಜರ್ಮನಿಯಲ್ಲಿ ಇಷ್ಟು ಕಡಿಮೆ ಮಳೆ ಬೀಳುವ ಸೀಮೆಗಳು ಕೆಲವೇ. ಗೋಧಿಯ ರೈತನು ಇದನ್ನು ಕೊರತೆಯೆಂದು ಎಣಿಸಬಹುದಾದರೂ, ಈರುಳ್ಳಿಯವನಿಗೆ ಇದು ವರವೇ ಸರಿ. ಗಡ್ಡೆಯು ಬಲಿಯುವ ಕಾಲದಲ್ಲಿ ಒಣ ಹವೆಯಿದ್ದರೆ ಕತ್ತು ಸಣ್ಣಗೆ ಒಣಗಿ ಮುಚ್ಚಿಕೊಳ್ಳುವುದು; ಕತ್ತು ಮುಚ್ಚಿದ ಗಡ್ಡೆಯೊಳಕ್ಕೆ ಕೊಳೆರೋಗವು ಸುಲಭವಾಗಿ ಇಳಿಯಲಾರದು.

ಆ ದೇಶದ ಚಳಿಗಾಲದಲ್ಲಿ ಹೊಲದಲ್ಲಿ ಏನೂ ಬೆಳೆಯದು. ರೈಲೂ ಶೀತಗೃಹಗಳೂ ಇಲ್ಲದಿದ್ದ ಕಾಲದಲ್ಲಿ ಪಟ್ಟಣದ ಪ್ರತಿಯೊಂದು ಸಂಸಾರವೂ ಐದಾರು ತಿಂಗಳಿಗಾಗುವಷ್ಟು ತರಕಾರಿಯನ್ನು ಶರತ್ಕಾಲದಲ್ಲಿಯೇ ಕೂಡಿಡಬೇಕಾಗಿದ್ದಿತು. ಆದುದರಿಂದ ಅಕ್ಟೋಬರ್ ತಿಂಗಳಿನಲ್ಲಿ ಈರುಳ್ಳಿಯನ್ನು ಕೊಳ್ಳುವ ಗೃಹಿಣಿಯು ಕೇಳುತ್ತಿದ್ದ ಪ್ರಶ್ನೆಯು ‘ಬೆಲೆಯೆಷ್ಟು?’ ಎಂಬುದೊಂದೇ ಅಲ್ಲ. ‘ಎಷ್ಟು ದಿನ ಬಾಳುವುದು?’ ಎಂಬುದೂ ಹೌದು. ಸಡಿಲವಾಗಿ ರಾಶಿ ಹಾಕಿದ ಈರುಳ್ಳಿಯಲ್ಲಿ ಹಸಿಕತ್ತಿನ ಗಡ್ಡೆಯೂ ತರಚಿದ ಗಡ್ಡೆಯೂ ಸುಲಭವಾಗಿ ಅಡಗಿಕೊಳ್ಳುತ್ತವೆ. ಹೆಲ್ಡ್ರುಂಗೆನ್ ರೈತರು ಈ ಸಂದೇಹವನ್ನು ನಿವಾರಿಸುವುದಕ್ಕೆ ಅನುಸರಿಸಿದ ಉಪಾಯವೇ ಈರುಳ್ಳಿಯ ಜಡೆ.

ಈ ಜಡೆಯನ್ನು ಹೆಣೆಯುವ ಕ್ರಮವು ಹೀಗಿರುತ್ತದೆ. ಎಲೆಗಳು ತಾವಾಗಿ ಬಾಗಿ ಹಳದಿಯಾದ ಮೇಲೆ ಗಡ್ಡೆಗಳನ್ನು ಎಲೆಸಹಿತವಾಗಿ ಕಿತ್ತು, ಗಾಳಿಯಾಡುವ ಚಾವಣಿಯ ಕೆಳಗೆ ಹರವಿ ಒಣಗಿಸಬೇಕು. ಎಲೆಯು ಹಸಿಯಾಗಿರುವಾಗಲೇ ಹೆಣೆದರೆ ಅದು ಒಣಗಿ ಕುಗ್ಗಿದ ಮೇಲೆ ಜಡೆಯು ಸಡಿಲವಾಗಿ ಗಡ್ಡೆಗಳು ಉದುರುವುವು. ತೀರ ಒಣಗಿದ ಎಲೆಯಾದರೆ ಬೆರಳಿಗೆ ಸಿಕ್ಕಿ ಪುಡಿಯಾಗುವುದು. ಇವೆರಡರ ಮಧ್ಯದ ಹದವನ್ನು ಕಣ್ಣಿಗಿಂತ ಕೈಯೇ ಚೆನ್ನಾಗಿ ಬಲ್ಲದು. ದಪ್ಪ ಕತ್ತಿನವನ್ನೂ, ಹೂವಿನ ದಂಟು ಬಿಟ್ಟವನ್ನೂ, ಜೋಡಿಗಡ್ಡೆಗಳನ್ನೂ ಆರಿಸಿ ತೆಗೆದುಹಾಕಬೇಕು. ತರುವಾಯ ಒಣಹುಲ್ಲನ್ನು ಅಥವಾ ದಾರವನ್ನು ಆಧಾರವಾಗಿಟ್ಟುಕೊಂಡು, ದೊಡ್ಡ ಗಡ್ಡೆಗಳು ಕೆಳಗೂ ಸಣ್ಣವು ಮೇಲಕ್ಕೂ ಬರುವಂತೆ ಒಂದೊಂದಾಗಿ ಸೇರಿಸುತ್ತ ಕಟ್ಟುವರು. ಕೆಂಪು, ಬಿಳಿ, ಹಳದಿ ಗಡ್ಡೆಗಳನ್ನು ಬೆರಸುವುದುಂಟು. ಒಣಗಿದರೂ ಬಣ್ಣಗೆಡದ ಕೆಲವು ಹೂವುಗಳನ್ನು ನಡುನಡುವೆ ಸಿಕ್ಕಿಸುವರು.

ಹೂವು ಅಲಂಕಾರಕ್ಕಾಯಿತು. ಆದರೆ ಜಡೆಯ ಉಪಯೋಗವು ಬೇರೆ. ತೂಗುಹಾಕಿದ ಗಡ್ಡೆಗೆ ಸುತ್ತಲೂ ಗಾಳಿ ತಗಲುವುದು. ಒಂದರ ಭಾರವು ಮತ್ತೊಂದರ ಮೇಲೆ ಬಿದ್ದು ಜಜ್ಜುವುದಿಲ್ಲ. ಒಂದು ಕೆಟ್ಟರೆ ಕೂಡಲೆ ಕಾಣುವುದು, ಕೊಯ್ದು ಎಸೆಯಬಹುದು. ಇದಕ್ಕಿಂತಲೂ ಮುಖ್ಯವಾದದ್ದೆಂದರೆ, ಸರಿಯಾಗಿ ಒಣಗದ ಮಾಲಿನಿಂದ ಒಳ್ಳೆಯ ಜಡೆಯನ್ನು ಹೆಣೆಯುವುದು ಸಾಧ್ಯವೇ ಇಲ್ಲ. ಜಡೆಯೇ ಮಾಲಿನ ಗುಣಕ್ಕೆ ಸಾಕ್ಷಿಯಾಗಿ ನಿಲ್ಲುವುದು. ಮಾರಾಟಗಾರನು ಬಾಯಲ್ಲಿ ಆಣೆಯಿಡಬೇಕಾದ ಪ್ರಮೇಯವೇ ಇಲ್ಲ.

ಸ್ವತಃ ಗಯಟೆಯೂ ಈ ಸಂತೆಯಲ್ಲಿ ಜಡೆಗಳನ್ನು ಕೊಂಡು ಮನೆಯಲ್ಲಿ ತೂಗುಹಾಕಿಕೊಳ್ಳುತ್ತಿದ್ದನೆಂದು ವೈಮಾರಿನವರು ಹೇಳಿಕೊಳ್ಳುವುದುಂಟು. ಕಥೆ ನಿಜವೋ ಸುಳ್ಳೋ, ಸಂತೆಗೆ ಅದರಿಂದ ನಷ್ಟವೇನೂ ಆಗಿಲ್ಲ. ಕಾಳಿದಾಸನ ಶಾಕುಂತಲವನ್ನು 1791ರಲ್ಲಿ ಜರ್ಮನ್ ಭಾಷಾಂತರದಲ್ಲಿ ಓದಿ ಬಾಯ್ತುಂಬ ಹೊಗಳಿದ ಮಹನೀಯನು ಈತನೇ ಆದ್ದರಿಂದ ನಮಗೆ ಈತನು ತೀರ ಪರಕೀಯನಲ್ಲ.

ಈಗ ಈ ಉತ್ಸವವು ಪ್ರತಿವರ್ಷವೂ ಅಕ್ಟೋಬರ್ ತಿಂಗಳಿನ ಎರಡನೆಯ ವಾರಾಂತ್ಯದಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ಮೂರು ದಿನ ನಡೆಯುತ್ತದೆ. ಹಳೆಯ ಊರಿನ ಬೀದಿಗಳಲ್ಲಿಯೂ ಚೌಕಗಳಲ್ಲಿಯೂ ಅಂಗಡಿಗಳ ಸಾಲುಗಳು ಏಳುತ್ತವೆ. ಕೂಡುವ ಜನರನ್ನು ಲಕ್ಷಗಳಲ್ಲಿ ಎಣಿಸಬೇಕು. ಹುದುಗಿಸಿದ ಹಿಟ್ಟಿನ ಮೇಲೆ ಬೇಯಿಸಿದ ಈರುಳ್ಳಿ, ಮೊಟ್ಟೆ, ಹುಳಿಗೆನೆ ಮುಂತಾದವುಗಳನ್ನು ಹರವಿ ಸುಟ್ಟ ಕಜ್ಜಾಯ, ಈರುಳ್ಳಿಯ ಸಾರು, ಆ ಪ್ರಾಂತದ ಹೆಸರಾಂತ ಮಾಂಸದ ತಿನಿಸು, ಆಗತಾನೆ ಹುಳಿಯೇರುತ್ತಿರುವ ಹೊಸ ದ್ರಾಕ್ಷಾರಸ, ಇವೆಲ್ಲವೂ ಅಲ್ಲಿ ದೊರೆಯುವುವು. ಕುಂಬಾರರೂ ಬುಟ್ಟಿ ಹೆಣೆಯುವವರೂ ತಮ್ಮ ಸರಕನ್ನು ತರುವರು, ಸಂಗೀತಕ್ಕೆ ವೇದಿಕೆಗಳಿರುವುವು. ವರ್ಷಕ್ಕೊಬ್ಬ ತರುಣಿಯನ್ನು ‘ಈರುಳ್ಳಿ ಸಂತೆಯ ರಾಣಿ’ಯೆಂದು ಆರಿಸುವ ವಾಡಿಕೆಯೂ ಉಂಟು. ನಮ್ಮ ಜಾತ್ರೆಗಳನ್ನು ಬಲ್ಲವರಿಗೆ ಆ ಗದ್ದಲವು ಹೊಸದಾಗಿ ಕಾಣದು. ವಿಶೇಷವೇನೆಂದರೆ, ಇಲ್ಲಿ ತೇರು ಇಲ್ಲ. ದೇವರ ಉತ್ಸವಕ್ಕೆ ವ್ಯಾಪಾರವು ಸೇರಿಕೊಂಡದ್ದಲ್ಲ, ವ್ಯಾಪಾರವೇ ಉತ್ಸವವಾಯಿತು.

ಈ ವೈಭವದ ನಡುವೆ ಒಂದು ಆತಂಕವೂ ಇದೆ. ಎರಡನೆಯ ಮಹಾಯುದ್ಧದ ನಂತರ ಆ ಸೀಮೆಯು ಪೂರ್ವ ಜರ್ಮನಿಗೆ ಸೇರಿತು. 1960ರ ಹೊತ್ತಿಗೆ ಅಲ್ಲಿಯ ಹಿಡುವಳಿಗಳಲ್ಲಿ ಬಹುಭಾಗವು ಸಾಮೂಹಿಕ ಬೇಸಾಯಕ್ಕೆ ಒಳಪಟ್ಟಿತು. 1990ರಲ್ಲಿ ಎರಡು ಜರ್ಮನಿಗಳೂ ಒಂದಾದುವು. ಸಂತೆಯು ಈ ಎಲ್ಲ ಮಾರ್ಪಾಡುಗಳನ್ನೂ ದಾಟಿ ಬಂದಿದೆ. ಆದರೆ ಈಗ ಈರುಳ್ಳಿಯನ್ನು ಯಂತ್ರಗಳಿಂದ ಕೀಳುವರು. ಯಂತ್ರವು ಎಲೆಯನ್ನು ಕತ್ತರಿಸಿಬಿಡುವುದು. ಎಲೆಯಿಲ್ಲದ ಗಡ್ಡೆಗೆ ಜಡೆಯಿಲ್ಲ. ಅಂಗಡಿಯಲ್ಲಿ ಈರುಳ್ಳಿಯು ವರ್ಷವೆಲ್ಲ ಅಗ್ಗವಾಗಿ ದೊರೆಯುವುದರಿಂದ ಚಳಿಗಾಲಕ್ಕೆ ಕೂಡಿಡುವ ಅವಶ್ಯಕತೆಯೂ ತಪ್ಪಿದೆ. ಜಡೆಗಾಗಿ ಬೆಳೆಯತಕ್ಕವನು ಕೈಯಿಂದಲೇ ಕಿತ್ತು, ಒಣಗಿಸಿ, ಕೈಯಿಂದಲೇ ಹೆಣೆಯಬೇಕು. ಆ ಕೂಲಿಯನ್ನು ಹೊರುವುದು ಜಡೆಯ ಬೆಲೆಯೇ. ಕೊಳ್ಳುವವನು ಅಡಿಗೆಗಿಂತ ಗೋಡೆಯ ಸೊಬಗಿಗಾಗಿ ಕೊಂಡರೂ ರೈತನಿಗೆ ಸಡಿಲ ಮಾಲಿಗಿಂತ ಹೆಚ್ಚು ಹಣ ಕೈಸೇರುವುದು, ಅದೂ ನಡುವೆ ದಲ್ಲಾಳಿಯಿಲ್ಲದೆ. ನಮ್ಮ ಅಭಿಪ್ರಾಯದಲ್ಲಿ, ತಿನಿಸಿನ ಅಂಗಡಿಗಳು ಎಷ್ಟು ಹೆಚ್ಚಿದರೂ ಚಿಂತೆಯಿಲ್ಲ. ಜಡೆ ಹೆಣೆಯುವ ಕೈಗಳು ಕಡಿಮೆಯಾದರೆ ಆ ಸಂತೆಯಲ್ಲಿ ಉಳಿಯುವುದು ಹೆಸರು ಮಾತ್ರ.

ಇದನ್ನೋದಿದವರು ಆ ದೇಶದ ಬೀಜವನ್ನು ತರಿಸೋಣವೆಂದು ಆಲೋಚಿಸಬಹುದು. ಅದು ವ್ಯರ್ಥ. ಈರುಳ್ಳಿಯು ಗಡ್ಡೆ ಕಟ್ಟುವುದು ಹಗಲಿನ ಉದ್ದವನ್ನು ಅನುಸರಿಸಿ. ವೈಮಾರಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆಗಳನ್ನು ಮೀರುತ್ತದೆ; ಅಲ್ಲಿಯ ಜಾತಿಗಳಿಗೆ 14 ಗಂಟೆಗಳಿಗೆ ಕಡಿಮೆಯಿಲ್ಲದ ಹಗಲು ಬೇಕು. ಬಳ್ಳಾರಿಯಲ್ಲಿಯಾಗಲಿ ಚಿತ್ರದುರ್ಗದಲ್ಲಿಯಾಗಲಿ ವರ್ಷದ ಅತಿ ದೀರ್ಘವಾದ ಹಗಲು ಸುಮಾರು 13 ಗಂಟೆಗಳು ಮಾತ್ರ. ಇಲ್ಲಿ ಬಿತ್ತಿದರೆ ಸೊಂಪಾಗಿ ಎಲೆ ಬಂದೀತೇ ಹೊರತು ಗಡ್ಡೆ ಕೂಡದು. ಜಡೆಯ ಉಪಾಯವನ್ನು ಮಾತ್ರ ನಮ್ಮ ಜಾತಿಗಳಲ್ಲಿಯೇ ಪರೀಕ್ಷಿಸಬಹುದು. ಮಳೆಗಾಲದ ಪೈರು ಕೀಳುವಾಗ ಕತ್ತು ದಪ್ಪಗೂ ಹಸಿಯಾಗಿಯೂ ಇರುವುದು ಹೆಚ್ಚಾದುದರಿಂದ ಅದು ಇದಕ್ಕೆ ಒದಗದು. ಹಿಂಗಾರಿನಲ್ಲಿ ನಾಟಿ ಮಾಡಿ ಬೇಸಗೆಯಲ್ಲಿ ಕಿತ್ತ ಸಣ್ಣ ಕತ್ತಿನ ಗಡ್ಡೆಗಳನ್ನು ಎಲೆಸಹಿತವಾಗಿ ನೆರಳಿನಲ್ಲಿ ಒಣಗಿಸಿ, ಮೊದಲು ಮನೆಯ ಖರ್ಚಿಗಾಗುವಷ್ಟನ್ನು ಮಾತ್ರ ಹೆಣೆದು ಗಾಳಿಯಿರುವ ಪಡಸಾಲೆಯಲ್ಲಿ ತೂಗುಹಾಕಿ, ಅದೇ ಹೊಲದ ರಾಶಿ ಹಾಕಿದ ಮಾಲಿನೊಡನೆ ತಿಂಗಳಿಗೊಮ್ಮೆ ಹೋಲಿಸಿ ನೋಡುವುದು ಯುಕ್ತ. ಕೆಟ್ಟ ಗಡ್ಡೆಗಳನ್ನು ಎರಡು ಕಡೆಯೂ ಬೇರೆ ಬೇರೆಯಾಗಿ ತೂಗಿ ಬರೆದಿಟ್ಟುಕೊಳ್ಳತಕ್ಕದ್ದು.