ಏದುಸಿರಿಗೆ ಬೀಟ್‌ರೂಟಿನ ರಸ

ನಮ್ಮ ವಾಚನಾಲಯದ ಮೆಟ್ಟಿಲ ನಡುವೆ ನಿಂತು, ಸುಧಾರಿಸಿಕೊಂಡು ಮೇಲೆ ಬರುವ ಹಿರಿಯರು ಕೆಲವರುಂಟು. ಅವರಲ್ಲೊಬ್ಬರು ಈಚೆಗೆ, "ಬೀಟ್‌ರೂಟಿನ ರಸ ಕುಡಿದರೆ ಉಸಿರು ಸರಾಗವಾಗುತ್ತದಂತೆ, ಇನ್ನು ಇನ್ಹೇಲರು ಬಿಟ್ಟುಬಿಡುತ್ತೇನೆ" ಎಂದರು. ನಾವು ವೈದ್ಯರಲ್ಲ. ಆದರೂ ಹಾಗೆ ಬಿಡಬಾರದೆಂದು ಹೇಳುವುದಕ್ಕಾಗಿಯೇ, ಓದಿ ತಿಳಿದುದನ್ನು ಇಲ್ಲಿ ಬರೆಯುತ್ತೇವೆ.

ವೈದ್ಯರು ಸಿ.ಒ.ಪಿ.ಡಿ. ಎನ್ನುವ ಈ ಶ್ವಾಸಕೋಶದ ಬೇನೆ ಬೀಡಿ ಸಿಗರೇಟು ಸೇದುವವರಿಗೆ ಮಾತ್ರ ಬರುವುದಲ್ಲ. ಒಲೆಯ ಹೊಗೆಯೂ ಕಾರಣ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಕುರಿತು 2013ರಲ್ಲಿ ಒಂದು ವರದಿ ಪ್ರಕಟವಾಯಿತು. ಸೌದೆ ಒಲೆಯ ಮುಂದೆ ದಿನಕ್ಕೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿದಾಗ 60 ಬಂದರೆ, ಅಲ್ಲಿಂದ ಮುಂದೆ ಬಹುಕಾಲದ ಕೆಮ್ಮು ಕಫದ ಭಯ ಉಂಟೆಂದು ಅದು ತಿಳಿಸಿತು. ದಿನಕ್ಕೆ 3 ಗಂಟೆಯಂತೆ 20 ವರ್ಷ! ನಮ್ಮ ತಾಯಂದಿರಲ್ಲಿ ಎಷ್ಟೋ ಮಂದಿ ಅದನ್ನು ಎಂದೋ ದಾಟಿದ್ದಾರೆ.

ಇನ್ನು ಬೀಟ್‌ರೂಟು. ಅದರಲ್ಲಿ ನೈಟ್ರೇಟು ಎಂಬ ಲವಣ ಹೇರಳವಾಗಿದೆ. ಪಾಲಕ್, ದಂಟಿನ ಸೊಪ್ಪುಗಳಲ್ಲಿಯೂ ಉಂಟು. ತಿಂದ ನೈಟ್ರೇಟು ರಕ್ತಕ್ಕೆ ಸೇರಿ, ಒಂದು ಪಾಲು ಜೊಲ್ಲಿನೊಡನೆ ಬಾಯಿಗೇ ಮರಳುತ್ತದೆ. ನಾಲಗೆಯ ಮೇಲಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಅದು ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಾಗಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಈ ಅನಿಲದ ಮಹಿಮೆಯನ್ನು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಹುಮಾನ ಬಂದಿತು. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಮೌತ್‌ವಾಶ್ ಬಳಸಿದರೆ ಈ ಉಪಕಾರ ಕುಂದುತ್ತದೆ; ಬರಿಯ ನೀರಿನಿಂದ ಮುಕ್ಕಳಿಸುವುದಕ್ಕೆ ಅಡ್ಡಿಯಿಲ್ಲ. ಜೊಲ್ಲಿಗೂ ಇಷ್ಟು ಕೆಲಸವಿದೆಯೆಂದು ಯಾರು ಬಲ್ಲರು!

ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಈ ಬೇನೆಯ 81 ಮಂದಿಯ ಮೇಲೆ ನಡೆಸಿದ ಪ್ರಯೋಗದ ಫಲ 2023ರ ಕೊನೆಗೆ ಹೊರಬಂದಿತು. ಅವರೆಲ್ಲರ ರಕ್ತದೊತ್ತಡದ ಮೇಲಿನ ಅಂಕ 130ಕ್ಕೂ ಹೆಚ್ಚು. ಕೆಲವರಿಗೆ 12 ವಾರ, ದಿನಕ್ಕೆ 70 ಮಿಲಿಲೀಟರ್ ರಸ. ಅದರಲ್ಲಿ 400 ಮಿಲಿಗ್ರಾಂ ನೈಟ್ರೇಟು. ಉಳಿದವರಿಗೆ ಅದೇ ಬಣ್ಣ ರುಚಿಯ, ನೈಟ್ರೇಟು ತೆಗೆದ ರಸ. ಮೊದಲಿನವರ ಒತ್ತಡ ಎರಡನೆಯವರಿಗಿಂತ ಸರಾಸರಿ 4.5ರಷ್ಟು ಇಳಿಯಿತು, 6 ನಿಮಿಷದಲ್ಲಿ ನಡೆಯುವ ದೂರ ಸುಮಾರು 30 ಮೀಟರು ಹೆಚ್ಚಿತು. ಬೀದಿಯಲ್ಲಿ ನಾಲ್ಕೈದು ಮನೆಗಳಷ್ಟು ದೂರ. ಏದುಸಿರಿನವರಿಗೆ ಇದು ಸಣ್ಣದಲ್ಲ.

ಆದರೆ ಕೆಟ್ಟ ಶ್ವಾಸಕೋಶ ಇದರಿಂದ ಸರಿಯಾಗುವುದಿಲ್ಲ. ಹಿಂದಿನ ಸಣ್ಣ ಪ್ರಯೋಗಗಳಲ್ಲಿ ಕೆಲವು ಯಾವ ಲಾಭವನ್ನೂ ಕಾಣಲಿಲ್ಲ. ಕೋಯಂಬೇಡಿನಿಂದ ತಂದ ಗಡ್ಡೆಯಲ್ಲಿ ನೈಟ್ರೇಟು ಎಷ್ಟೆಂಬುದು ಬೆಳೆದ ಮಣ್ಣಿನ ಮೇಲಿದೆ. ಬೇಯಿಸಿದ ನೀರು ಚೆಲ್ಲಿದರೆ ಅದರೊಡನೆ ಒಂದು ಪಾಲು ಹೋಯಿತು. ಸಾರಿಗೆ ಬಳಸಿಕೊಳ್ಳುವುದು ಲೇಸು. ಒತ್ತಡದ ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆಯವರು, ಮೂತ್ರದ ಕಲ್ಲು ಕಂಡವರು ಡಾಕ್ಟರನ್ನು ಕೇಳದೆ ದಿನವೂ ರಸ ಕುಡಿಯಬಾರದು. ಕುಡಿದವರಿಗೆ ಮೂತ್ರ ಕೆಂಪಾದರೆ, ಅದು ಗಡ್ಡೆಯ ಬಣ್ಣವೂ ಇರಬಹುದು; ರಸ ನಿಲ್ಲಿಸಿದರೂ ಹೋಗದಿದ್ದರೆ ತೋರಿಸಬೇಕು.

ಆ ಹಿರಿಯರು ಇನ್ಹೇಲರು ಬಿಡಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಒಂದು ಕುರ್ಚಿ ಹಾಕಿಸಿದ್ದೇವೆ. ಬೇಕಾದವರು ಕುಳಿತು ಬರಬಹುದು.