ಮಾಳಿಗೆ ಸೋರದಂತೆ ಎ.ಸಿ. ಕೂರಿಸುವ ಬಗೆ

ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಜೋರಾಪುರ ಪೇಟೆಯಂಥ ಹಳೆಯ ಓಣಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದರೆ ಎ.ಸಿ.ಯ ಔಟ್‌ಡೋರ್ ಯೂನಿಟ್ಟಿಗೆ ಮಾಳಿಗೆಯೇ ಗತಿ. ಏಪ್ರಿಲಿನಲ್ಲಿ ಕೂರಿಸಿದ್ದರ ತಪ್ಪು ಗೊತ್ತಾಗುವುದು ಸೆಪ್ಟೆಂಬರಿನ ಮಳೆಗೆ.

ಸ್ಲ್ಯಾಬಿಗೆ ನಾಲ್ಕು ತೂತು ಹೊಡೆದು ಸ್ಟ್ಯಾಂಡ್ ಬಿಗಿಯುವುದೇ ಆ ತಪ್ಪು. ತೂತು ವಾಟರ್‌ಪ್ರೂಫ್ ಪದರವನ್ನು ಹರಿದು ಒಳಗಿಳಿಯುತ್ತದೆ. ಕಂಪ್ರೆಸರ್ ನಡುಗಿದಂತೆಲ್ಲ ಬೋಲ್ಟಿನ ಸುತ್ತ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅಲ್ಲಿಂದ ಇಳಿದ ನೀರು ಸರಳಿಗೆ ತುಕ್ಕು ಹಿಡಿಸುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಒಂದೂವರೆ ಟನ್ನಿನ ಯೂನಿಟ್ ತೂಗುವುದು ಸುಮಾರು 30–40 ಕಿಲೋ. ಭಾರಕ್ಕಿಂತ ಈ ನಡುಕಕ್ಕೇ ಹೆದರಬೇಕು.

ತೂತು ಹೊಡೆಯುವ ಬದಲು ಗೌಂಡಿಗೆ ಹೇಳಿ ಆರು ಇಂಚು ಎತ್ತರದ ಎರಡು ಕಾಂಕ್ರೀಟ್ ಕಟ್ಟೆ ಹಾಕಿಸಿ. ನೀರು ಹರಿಯುವ ದಿಕ್ಕಿಗೇ ಉದ್ದವಾಗಿರಲಿ. ಅಡ್ಡ ಹಾಕಿದರೆ ಹಿಂದೆ ನೀರು ಮಡುಗಟ್ಟುತ್ತದೆ. ಬೋಲ್ಟುಗಳನ್ನು ಕಟ್ಟೆ ಹಾಕುವಾಗಲೇ ಹುಗಿಯಬೇಕು, ಅವು ಸ್ಲ್ಯಾಬಿಗೆ ತಾಗಬಾರದು. ಕಟ್ಟೆಯೂ ಮಾಳಿಗೆಯೂ ಕೂಡುವ ಮೂಲೆಯನ್ನು ಗಾರೆಯಿಂದ ದುಂಡಗೆ ಸವರಿಸಿ, ಕ್ಯೂರಿಂಗ್ ಮುಗಿದು ಒಣಗಿದ ಮೇಲೆ ಫೈಬರ್ ಜಾಳಿಗೆ ಸಮೇತ ವಾಟರ್‌ಪ್ರೂಫ್ ಕೋಟನ್ನು ಕಟ್ಟೆಯ ಮೇಲಿನವರೆಗೂ ಹತ್ತಿಸಿ. ಯೂನಿಟ್ಟಿನ ಕಾಲಡಿಗೆ ದಪ್ಪ ರಬ್ಬರ್ ಪ್ಯಾಡ್ ಇರಲಿ.

ತಾಮ್ರದ ಪೈಪು ಗೋಡೆಯಿಂದ, ಹೊರಕ್ಕೆ ಇಳಿಜಾರಾಗಿ ಹೋಗುವುದೇ ಒಳ್ಳೆಯದು. ಸ್ಲ್ಯಾಬಿನಿಂದಲೇ ತರಬೇಕೆಂದರೆ ಆರಿಂಚು ಮೇಲೆದ್ದ ಪಿವಿಸಿ ಪೈಪು ನಿಲ್ಲಿಸಿ, ಅದರ ಬಾಯಿಯನ್ನು ಬೆಂಡ್ ಹಾಕಿ ಕೆಳಮುಖ ಮಾಡಿ. ಪೈಪಿನ ಸುತ್ತಲಿನ ಸಂದಿ ಮುಚ್ಚಲು ಬಳಸುವ ವಿನೆಗರ್ ವಾಸನೆಯ ಸಿಲಿಕಾನ್ ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ. ಅಂಗಡಿಯಲ್ಲಿ ಪಿಯು (ಪಾಲಿಯುರೆಥೇನ್) ಸೀಲೆಂಟ್ ಕೇಳಿ.

ಹಳೆಯ ಮಣ್ಣಿನ ಮಾಳಿಗೆಗೆ ಕಟ್ಟೆ ಬೇಡ. ಗೋಡೆಯಿಂದ ಗೋಡೆಗೆ ಕಬ್ಬಿಣದ ಆಂಗಲ್ ಹಾಯಿಸಿ, ಭಾರವನ್ನು ಗೋಡೆಗಳೇ ಹೊರುವಂತೆ ಮಾಡಿ. ತಗಡಿನ ಶೆಡ್ಡಾದರೆ ಫ್ರೇಮಿನ ಭಾರ ತಗಡಿನ ಕೆಳಗಿನ ಅಡ್ಡಪೈಪಿಗೆ ಇಳಿಯಬೇಕು. ಬೋಲ್ಟು ತಗಡಿನ ಉಬ್ಬಿನ ಮೇಲೆ, ರಬ್ಬರ್ ವಾಷರ್ ಸಮೇತ ಇರಲಿ; ತಗ್ಗಿನಲ್ಲಿ ಹೊಡೆದರೆ ನೀರೆಲ್ಲ ಅದರ ಮೇಲೆಯೇ ಹರಿಯುತ್ತದೆ.

ಸ್ಲ್ಯಾಬಿನ ಮನೆಯವರು ಯೂನಿಟ್ ಏರಿಸುವ ಮುಂಚೆ ಮಾಳಿಗೆಯ ನೀರಿನ ದಾರಿ ಮುಚ್ಚಿ, ಒಂದೆರಡು ಇಂಚು ನೀರನ್ನು 48 ಗಂಟೆ ನಿಲ್ಲಿಸಿ, ಕೆಳಗಿನಿಂದ ಛತ್ತು ನೋಡಿ. ನೀರಿಗೆ ಬರವಿರುವ ಊರಿನಲ್ಲೂ ಈ ಪರೀಕ್ಷೆ ಬಿಡಬೇಡಿ. ಗೌಂಡಿಯ ಕೊನೆಯ ಕಂತು ಕೊಡುವುದು ಇದಾದ ಮೇಲೆಯೇ ಇರಲಿ.